ನೂರಕ್ಕೆ 43 ಅಂಕ ಪಡೆದ ಮನುಷ್ಯನ ಬಗ್ಗೆ

ಕೆಲಸ ಹುಡುಕುವವರಿಗೆ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ದೊರೆಯುವ ಸಾಧನಗಳ ಪಟ್ಟಿಯೊಂದು ಮತ್ತೆ ಎಲ್ಲರ ಮೊಬೈಲುಗಳಲ್ಲಿ ಸಂಚಾರ ಹೊರಟಿದೆ. ರೆಸ್ಯೂಮೆ ಬರೆದುಕೊಡುವ ಸಾಧನ, ಬರೆದ ರೆಸ್ಯೂಮೆಗೆ ಅಂಕ ಹಾಕುವ ಸಾಧನ, ಅಂಕ ಕಡಿಮೆ ಬಂದರೆ ತಿದ್ದಿಕೊಡುವ ಸಾಧನ, ತಿದ್ದಿದ್ದು ಯಂತ್ರ ಬರೆದಂತೆ ಕಾಣುತ್ತಿದೆಯೇ ಎಂದು ಪತ್ತೆ ಹಚ್ಚುವ ಸಾಧನ, ಹಾಗೆ ಕಾಣುತ್ತಿದ್ದರೆ ಅದನ್ನು ಮನುಷ್ಯರು ಬರೆದಂತೆ ಮಾಡಿಕೊಡುವ ಇನ್ನೊಂದು ಸಾಧನ. ಇಷ್ಟೆಲ್ಲ ಕೈಗೆಟುಕುವಂತಿದ್ದೂ ಒಬ್ಬರಿಗೆ ಕೆಲಸ ಸಿಗಲಿಲ್ಲವೆಂದರೆ ತಪ್ಪು ಯಾರದು ಎಂಬ ಬಗ್ಗೆ ಪಟ್ಟಿ ಮಾಡಿದವರಿಗೆ ಕಿಂಚಿತ್ತೂ ಸಂಶಯವಿಲ್ಲ.

ಇವುಗಳಲ್ಲಿ ಅಗ್ರಪೂಜೆ ಸಲ್ಲಬೇಕಾದದ್ದು ಅಂಕ ಹಾಕುವ ಸಾಧನಕ್ಕೆ. ರೆಸ್ಯೂಮೆಯನ್ನು ಅದಕ್ಕೆ ಒಪ್ಪಿಸಿದ ಕೂಡಲೇ ಪರದೆಯ ಮೇಲೆ ಅರ್ಧಚಂದ್ರಾಕಾರದ ಮಾಪಕವೊಂದು ಮೂಡುತ್ತದೆ. ಅದರ ಮುಳ್ಳು ಸಾವಕಾಶವಾಗಿ ಏರತೊಡಗಿ, ಹಸಿರಿನವರೆಗೂ ಹೋದೀತು ಎಂಬ ಆಸೆ ಹುಟ್ಟಿಸಿ, ಕೆಂಪಿನಲ್ಲೇ, 43ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅದರ ಕೆಳಗೆ ನಿಮ್ಮ ದೋಷಗಳ ಪಟ್ಟಿ ಇರುತ್ತದೆ. ಮೊದಲ ಮೂರು ದೋಷಗಳು ನಿಚ್ಚಳವಾಗಿ ಕಾಣುತ್ತವೆ, ಉಳಿದವೆಲ್ಲ ಮಸುಕಾಗಿದ್ದು ಪ್ರತಿಯೊಂದರ ಪಕ್ಕದಲ್ಲೂ ಪುಟ್ಟದೊಂದು ಬೀಗದ ಚಿತ್ರವಿರುತ್ತದೆ. ತನ್ನ ದೋಷಗಳನ್ನು ತಾನೇ ಅರಿಯುವುದಕ್ಕೆ ಹಿಂದಿನವರು ಆಯುಷ್ಯವಿಡೀ ತಪಸ್ಸು ಮಾಡುತ್ತಿದ್ದರಂತೆ; ಈಗ ಮಾಸಿಕ ಚಂದಾ ಕಟ್ಟಿದರೆ ಸಾಕು. ಬೀಗ ಹಾಕದೆ ಉದಾರವಾಗಿ ತೋರಿಸಿದ ಮೂರರಲ್ಲಿ ಮೊದಲನೆಯದು, ‘ನೋಡಿಕೊಳ್ಳುತ್ತಿದ್ದೆ’ ಎಂಬ ಕ್ರಿಯಾಪದ ದುರ್ಬಲ, ‘ಮುನ್ನಡೆಸಿದೆ’ ಎಂದು ಬರೆಯಿರಿ ಎಂಬ ಸಲಹೆ. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ಅದಕ್ಕೆ ತಲೆಬಾಗಿ ಲೆಕ್ಕಪತ್ರಗಳನ್ನು ಮುನ್ನಡೆಸಿದವರಾಗುತ್ತಾರೆ, ಮುಳ್ಳು 61ಕ್ಕೆ ಏರುತ್ತದೆ. ಎರಡನೆಯ ಸಲಹೆ, ಸಾಧನೆಗಳನ್ನು ಸಂಖ್ಯೆಯಲ್ಲಿ ಹೇಳಿ ಎಂಬುದು. ಇದರ ಫಲವಾಗಿ ತಾನಿದ್ದ ವಿಭಾಗದ ದಕ್ಷತೆಯನ್ನು ಶೇ 30ರಷ್ಟು ಹೆಚ್ಚಿಸದ ನೌಕರ ಈಗ ಭೂಮಿಯ ಮೇಲೆ ಉಳಿದಿಲ್ಲ. ಎಲ್ಲರೂ ಎಲ್ಲ ಕಡೆಯೂ ಶೇ 30ರಷ್ಟು ಹೆಚ್ಚಿಸಿದ ಮೇಲೂ ಕಂಪನಿಗಳು ನಷ್ಟದ ನೆಪ ಹೇಳಿ ಜನರನ್ನು ಮನೆಗೆ ಕಳುಹಿಸುತ್ತಿರುವುದು ಹೇಗೆ ಎಂಬುದನ್ನು ಮಾತ್ರ ಯಾವ ಮಾಪಕವೂ ವಿವರಿಸುವುದಿಲ್ಲ.

ಈ 43 ಎಂಬುದು ಎಲ್ಲಿಂದ ಬಂತು ಎಂದು ಕೇಳುವುದು ಅಧಿಕಪ್ರಸಂಗವಾದೀತು, ಆದರೂ ಕೇಳಬೇಕಾಗುತ್ತದೆ. ಕಂಪನಿಗಳ ಯಂತ್ರಗಳು ನಿಮ್ಮ ರೆಸ್ಯೂಮೆಯನ್ನು ಹೇಗೆ ಅಳೆಯುತ್ತವೆ ಎಂಬುದನ್ನು ಮುಂಚಿತವಾಗಿ ಹೇಳುತ್ತೇನೆ ಎಂಬುದು ಮಾಪಕದ ಭರವಸೆ. ಅರ್ಜಿಗಳನ್ನು ಸ್ವೀಕರಿಸಿ, ವಿಂಗಡಿಸಿ, ಜೋಪಾನ ಮಾಡುವ ಎಟಿಎಸ್ (ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್) ಎಂಬ ತಂತ್ರಾಂಶಗಳು ನಾನಾ ಬಗೆಯವು. ವರ್ಕ್‌ಡೇ, ಗ್ರೀನ್‌ಹೌಸ್, ಟ್ಯಾಲಿಯೊ ಎಂದು ಒಂದೊಂದು ಸಂಸ್ಥೆ ಒಂದೊಂದನ್ನು ಇಟ್ಟುಕೊಂಡಿರುತ್ತದೆ, ಒಂದೇ ತಂತ್ರಾಂಶವನ್ನು ಬಳಸುವ ಇಬ್ಬರು ಕೂಡ ಅದಕ್ಕೆ ಬೇರೆ ಬೇರೆ ಷರತ್ತುಗಳನ್ನು ಕಲಿಸಿರುತ್ತಾರೆ. ಅವುಗಳ ಮುಖ್ಯ ಕಸುಬು ಅರ್ಜಿಗಳನ್ನು ಸಾಲಾಗಿ ಜೋಡಿಸಿಡುವುದು ಮತ್ತು ನೇಮಕಾತಿಯವರು ಏನಾದರೂ ಹುಡುಕಿದರೆ ತೆಗೆದುಕೊಡುವುದು. ಅರ್ಜಿಯನ್ನು ಮುಖ ನೋಡದೆ ಹೊರಹಾಕುವ ಸಂದರ್ಭಗಳಲ್ಲಿ ಹೆಚ್ಚಿನವು ನೀವೇ ಉತ್ತರಿಸುವ ಹೌದು-ಅಲ್ಲ ಪ್ರಶ್ನೆಗಳಿಂದ, ಅಂದರೆ ಪರವಾನಗಿ ಇದೆಯೇ, ಇಷ್ಟು ವರ್ಷ ಅನುಭವವಿದೆಯೇ ಎಂಬಂಥವುಗಳಿಂದ ಉಂಟಾಗುತ್ತವೆ. ಇಂತಹ ಯಾವ ತಂತ್ರಾಂಶವೂ ತನ್ನೊಳಗಿನ ಲೆಕ್ಕಾಚಾರವನ್ನು ಪುಕ್ಕಟೆ ಮಾಪಕದವರಿಗೆ ಹೇಳಿಕಳುಹಿಸಿಲ್ಲ. ಹೀಗಾಗಿ ನಮಗೆ ದೊರೆತ ಅಂಕಗಳು, ಪರೀಕ್ಷೆಯನ್ನೇ ನೋಡದ ಪರೀಕ್ಷಕನೊಬ್ಬ ತಾನೇ ಊಹಿಸಿಕೊಂಡ ಪ್ರಶ್ನೆಪತ್ರಿಕೆಗೆ ಕೊಟ್ಟ ಅಂಕಗಳು.

ಮಾಪಕದ ಪಕ್ಕದಲ್ಲಿ ತಪ್ಪದೆ ಕಾಣುವ ಇನ್ನೊಂದು ಸಂಖ್ಯೆ 75. ನೂರಕ್ಕೆ 75 ರೆಸ್ಯೂಮೆಗಳು ಮನುಷ್ಯರ ಕಣ್ಣಿಗೆ ಬೀಳುವ ಮುನ್ನವೇ ಯಂತ್ರದ ಕೈಯಲ್ಲಿ ಸಾಯುತ್ತವೆ ಎಂಬ ಈ ವೇದವಾಕ್ಯದ ಮೂಲವನ್ನು ಹುಡುಕಿ ಹೊರಟವರು ಕೊನೆಗೆ ತಲುಪಿದ್ದು ರೆಸ್ಯೂಮೆ ತಿದ್ದುವ ಸೇವೆಯನ್ನೇ ಮಾರುತ್ತಿದ್ದು, 2013ರಲ್ಲಿ ಬಾಗಿಲು ಹಾಕಿದ ಒಂದು ಕಂಪನಿಯ ಬಳಿಗೆ. ಅದರ ಹಿಂದೆ ಹೆಸರಿಸಬಹುದಾದ ಅಧ್ಯಯನವಿಲ್ಲ. ಕಂಪನಿ ಹೋಯಿತು, ಸಂಖ್ಯೆ ಉಳಿಯಿತು, ಅದನ್ನು ನಂಬಿ ಹೆದರುವವರ ಸಂಖ್ಯೆ ವೃದ್ಧಿಸಿತು.

ಇನ್ನು ಟೆಂಪ್ಲೇಟುಗಳ ಸೊಬಗು. ಒಂದು ಉಚಿತ ತಾಣ ಎಡಕ್ಕೊಂದು ಬಲಕ್ಕೊಂದು ಅಂಕಣವಿರುವ, ಕೌಶಲ್ಯಗಳಿಗೆ ಐದರಲ್ಲಿ ನಾಲ್ಕು ಚುಕ್ಕಿ ತುಂಬಿಸುವ, ಫೋನ್ ಸಂಖ್ಯೆಯ ಪಕ್ಕದಲ್ಲಿ ಫೋನಿನದೇ ಚಿತ್ರವಿರುವ ಸುಂದರ ರೆಸ್ಯೂಮೆಯನ್ನು ಮಾಡಿಕೊಡುತ್ತದೆ. ಇನ್ನೊಂದು ಉಚಿತ ತಾಣ, ಎರಡು ಅಂಕಣಗಳಿದ್ದರೆ ಯಂತ್ರ ಓದಲಾರದು ಎಂದು ಆ ಸೊಬಗಿಗೇ ಅಂಕ ಕಳೆಯುತ್ತದೆ. ಇದರಲ್ಲಿ ಎರಡನೆಯವರ ಮಾತು ತೀರ ಸುಳ್ಳಲ್ಲ. ಹಳೆಯ ತಂತ್ರಾಂಶಗಳು ಎರಡೂ ಅಂಕಣಗಳನ್ನು ಅಡ್ಡಡ್ಡಲಾಗಿ ಒಂದೇ ಸಾಲೆಂದು ಓದಿ, ಎಡಗಡೆಯ ಭಾಷಾಜ್ಞಾನವನ್ನು ಬಲಗಡೆಯ ಉದ್ಯೋಗಕ್ಕೆ ಅಂಟಿಸಿ, ‘ಹಿಂದಿ ಹಿರಿಯ ವ್ಯವಸ್ಥಾಪಕ’ ಎಂಬಂತಹ ಹುದ್ದೆಗಳನ್ನು ಸೃಷ್ಟಿಸುವುದುಂಟು. ಅರ್ಜಿಯ ಫಾರಂನಲ್ಲಿ ‘ನಿಮ್ಮ ರೆಸ್ಯೂಮೆಯಿಂದ ವಿವರಗಳನ್ನು ತುಂಬಿದ್ದೇವೆ’ ಎಂಬ ಸಡಗರದ ಸಾಲಿನ ಕೆಳಗೆ ಹೆಸರಿನ ಜಾಗದಲ್ಲಿ ನಿಮ್ಮ ಕಾಲೇಜು, ಕಾಲೇಜಿನ ಜಾಗದಲ್ಲಿ ಅಂಚೆ ವಿಳಾಸ, ಅನುಭವದ ಜಾಗದಲ್ಲಿ ಏನೂ ಇಲ್ಲದಿರುವುದನ್ನು ನೋಡಿದವರಿಗೆ ಉಳಿದ ಕಥೆ ಗೊತ್ತೇ ಇದೆ. ಎಲ್ಲವನ್ನೂ ಅಳಿಸಿ, ಅದೇ ರೆಸ್ಯೂಮೆಯನ್ನು ಮತ್ತೆ ಚೌಕ ಚೌಕವಾಗಿ ಟೈಪು ಮಾಡಿ, ಕಡೆಗೆ ರೆಸ್ಯೂಮೆಯನ್ನೂ ಲಗತ್ತಿಸಬೇಕು. ಅದಕ್ಕೂ ಮುನ್ನ ಹೊಸ ಖಾತೆ ತೆರೆದು, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರುವ ಪಾಸ್‌ವರ್ಡನ್ನು ಯೋಚಿಸಬೇಕು. ಕೆಲಸ ಕೊಡದವರ ಮನೆಯ ಕೀಲಿಗಳ ಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಭಾಗ್ಯ ನಿರುದ್ಯೋಗಿಗಳಿಗೆ ಮಾತ್ರ ಲಭ್ಯ.

ಅಂಕ ಹಾಕುವ ಸಾಧನದ ಮುಂದೆ ಲಿಯನಾರ್ಡೊ ಡಾ ವಿಂಚಿಯನ್ನು ನಿಲ್ಲಿಸಬೇಕೆಂಬ ಆಸೆ ಈ ಅಂಕಣಕಾರನನ್ನು ಬಹುಕಾಲದಿಂದ ಕಾಡುತ್ತಿದೆ. ಆತ ಸುಮಾರು 1482ರಲ್ಲಿ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗೆ ಬರೆದ ಪತ್ರವನ್ನು ಪ್ರಪಂಚದ ಮೊದಲ ರೆಸ್ಯೂಮೆ ಎಂದು ಉದ್ಯೋಗ ಸಲಹೆಗಾರರು ಭಕ್ತಿಯಿಂದ ಹೇಳಿಕೊಳ್ಳುತ್ತಾರೆ. ಹಗುರವಾದ ಗಟ್ಟಿ ಸೇತುವೆಗಳನ್ನು ಕಟ್ಟಬಲ್ಲೆ, ಕಂದಕಗಳ ನೀರನ್ನು ಬಸಿಯಬಲ್ಲೆ, ಕೋಟೆಗಳನ್ನು ಕೆಡವಬಲ್ಲೆ, ಫಿರಂಗಿ, ಸುರಂಗ, ಮುಚ್ಚಿದ ಯುದ್ಧರಥ ಎಲ್ಲವನ್ನೂ ಮಾಡಬಲ್ಲೆ ಎಂದು ಅಂಶವಾರು ಹೇಳಿ, ಶಾಂತಿಕಾಲದಲ್ಲಿ ಕಟ್ಟಡ, ಶಿಲ್ಪ, ಹಾಗೆಯೇ ಚಿತ್ರಕಲೆಯಲ್ಲೂ ಯಾರಿಗೂ ಕಡಿಮೆಯಿಲ್ಲ ಎಂದು ತುದಿಯಲ್ಲಿ ಸೇರಿಸಿದ್ದಾನೆ. ಇದನ್ನು ಇಂದಿನ ಮಾಪಕಕ್ಕೆ ಕೊಟ್ಟರೆ ಮುಳ್ಳು ಇಪ್ಪತ್ತನ್ನು ದಾಟುವುದು ಸಂದೇಹ. ಎಷ್ಟು ಸೇತುವೆ, ಎಷ್ಟು ತಿಂಗಳಲ್ಲಿ, ಶೇಕಡಾ ಎಷ್ಟು ಉಳಿತಾಯ ಎಂಬ ಒಂದು ಸಂಖ್ಯೆಯೂ ಅದರಲ್ಲಿಲ್ಲ. ವಿಶ್ವವಿದ್ಯಾಲಯದ ಹೆಸರಿಲ್ಲ, ಲಿಂಕ್ಡ್‌ಇನ್ ಕೊಂಡಿಯಿಲ್ಲ. ‘ಕಂಡುಬರದ ಕೀವರ್ಡ್‌ಗಳು: ತಂಡಸ್ಫೂರ್ತಿ, ಫಲಿತಾಂಶಕೇಂದ್ರಿತ, ಎಕ್ಸೆಲ್’ ಎಂದು ಕೆಂಪಕ್ಷರದಲ್ಲಿ ಬರುತ್ತಿತ್ತು. ಕಟ್ಟಡ, ಯುದ್ಧ, ಚಿತ್ರ ಎಂದು ಎಲ್ಲ ಕಡೆ ಕೈಯಾಡಿಸಿರುವುದರಿಂದ ನಿಮ್ಮ ವೃತ್ತಿಗುರಿ ಅಸ್ಪಷ್ಟವಾಗಿದೆ ಎಂಬ ಬುದ್ಧಿವಾದವೂ ಸಿಗುತ್ತಿತ್ತು. ನನ್ನ ಮಾತಿನಲ್ಲಿ ಅನುಮಾನವಿದ್ದರೆ ನಿಮ್ಮ ಉದ್ಯಾನದಲ್ಲೇ ಮಾಡಿ ತೋರಿಸುತ್ತೇನೆ ಎಂದೂ ಆತ ಬರೆದಿದ್ದ. ಸಂಬಳವಿಲ್ಲದೆ ವಾರಗಟ್ಟಲೆ ಮಾಡಿಸಿಕೊಳ್ಳುವ ಇಂದಿನ ‘ಅಸೈನ್‌ಮೆಂಟ್ ಸುತ್ತು’ ಅಲ್ಲಿಂದಲೇ ಶುರುವಾಗಿರಬೇಕು. ಆದರೆ ಸ್ಫೋರ್ಜಾನ ಬಳಿ ಎಟಿಎಸ್ ಇಲ್ಲದ್ದರಿಂದ ಲಿಯನಾರ್ಡೊಗೆ ಆಶ್ರಯ ಸಿಕ್ಕಿತು.

ಕೀವರ್ಡ್‌ಗಳನ್ನು ಉದ್ಯೋಗದ ಜಾಹೀರಾತಿನಿಂದಲೇ ಎತ್ತಿ ಮಕ್ಕಿಕಾಮಕ್ಕಿ ರೆಸ್ಯೂಮೆಯಲ್ಲಿ ಇಳಿಸಿ ಎಂದು ಎಲ್ಲ ಸಾಧನಗಳೂ ಒಕ್ಕೊರಲಿನಿಂದ ಹೇಳುತ್ತವೆ. ಜಾಹೀರಾತು ಬರೆದವರಿಗೆ ತಮಗೇನು ಬೇಕೆಂಬುದು ಗೊತ್ತಿರುತ್ತದೆ ಎಂಬ ಮುಗ್ಧ ನಂಬಿಕೆ ಇದರ ಬುನಾದಿ. ಫಾಸ್ಟ್‌ಎಪಿಐ ಎಂಬ ಸಾಫ್ಟ್‌ವೇರ್ ಚೌಕಟ್ಟನ್ನು ರಚಿಸಿದ ಸೆಬಾಸ್ಟಿಯನ್ ರಾಮಿರೆಜ್ 2020ರಲ್ಲಿ ತಾವು ಕಂಡ ಜಾಹೀರಾತೊಂದರ ಬಗ್ಗೆ ಬರೆದಿದ್ದರು. ಅದರಲ್ಲಿ ಫಾಸ್ಟ್‌ಎಪಿಐಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚಿನ ಅನುಭವ ಕೇಳಿದ್ದರು. ರಾಮಿರೆಜ್ ಅದನ್ನು ಸೃಷ್ಟಿಸಿ ಒಂದೂವರೆ ವರ್ಷವಾಗಿತ್ತಷ್ಟೇ. ಸೃಷ್ಟಿಕರ್ತನೇ ಅನರ್ಹನಾದ ಮೇಲೆ ಉಳಿದ ಭಕ್ತರ ಪಾಡೇನು? ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಸಲಹಾ ಸಂಸ್ಥೆ ಅಕ್ಸೆಂಚರ್ 2021ರಲ್ಲಿ ಹೊರತಂದ ವರದಿಯ ಸಂದರ್ಭದಲ್ಲಿ ಬೆಳಕಿಗೆ ಬಂದ ಉದಾಹರಣೆ ಇನ್ನೂ ಸೊಗಸಾಗಿದೆ. ರೋಗಿಗಳ ವಿವರವನ್ನು ಕಂಪ್ಯೂಟರಿಗೆ ತುಂಬುವವರು ಬೇಕಾಗಿದ್ದ ಆಸ್ಪತ್ರೆಗಳು ‘ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಪದವಿರುವ ಅರ್ಜಿಗಳನ್ನು ಮಾತ್ರ ಒಳಗೆ ಬಿಡುತ್ತಿದ್ದವಂತೆ. ತಾವು ಇಟ್ಟ ಮಾನದಂಡಕ್ಕೆ ಪದಶಃ ಹೊಂದದ ಕಾರಣಕ್ಕೆ ಅರ್ಹರಾದ ಪರಿಣತರೂ ಜರಡಿಯಲ್ಲಿ ಕೆಳಗೆ ಬೀಳುತ್ತಾರೆ ಎಂದು ಅದೇ ವರದಿಯಲ್ಲಿ ಶೇ 88ರಷ್ಟು ಉದ್ಯೋಗದಾತರು ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡು ಜರಡಿಯನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಈ ವ್ಯವಹಾರಕ್ಕೆ ಸಂಪೂರ್ಣತೆ ಪ್ರಾಪ್ತವಾಯಿತು. ಉದ್ಯೋಗದ ವಿವರಣೆಯನ್ನು ಕೃತಕ ಬುದ್ಧಿಮತ್ತೆ ಬರೆಯುತ್ತದೆ. ಅದನ್ನು ಓದಿ ಅಭ್ಯರ್ಥಿಯ ಕೃತಕ ಬುದ್ಧಿಮತ್ತೆ ‘ತಮ್ಮ ಸಂಸ್ಥೆಯ ಧ್ಯೇಯ ನನ್ನ ಹೃದಯಕ್ಕೆ ಹತ್ತಿರವಾದುದು’ ಎಂದು ಅರ್ಜಿ ಬರೆಯುತ್ತದೆ. ಅದನ್ನು ಸಂಸ್ಥೆಯ ಕೃತಕ ಬುದ್ಧಿಮತ್ತೆ ಓದಿ, ಹೃದಯಕ್ಕೆ ಹತ್ತಿರವಾದವರು ವಿಪರೀತ ಹೆಚ್ಚಾದ್ದರಿಂದ ಸಾರಾಂಶ ಮಾಡಿ ಬದಿಗಿಡುತ್ತದೆ. ಹೃದಯವಿರುವ ಪ್ರಾಣಿ ಈ ಸರಪಳಿಯಲ್ಲಿ ಎಲ್ಲೂ ಅಡ್ಡ ಬರುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ನಿಮಿಷಕ್ಕೆ ಸರಾಸರಿ 11,000 ಅರ್ಜಿಗಳು ಸಲ್ಲಿಕೆಯಾಗುತ್ತಿವೆ ಎಂದು 2025ರಲ್ಲಿ ವರದಿಯಾಗಿತ್ತು. ಒಂದು ಗುಂಡಿ ಒತ್ತಿ ಅರ್ಜಿ ಹಾಕುವ ಅನುಕೂಲ ನಿಮಗೊಬ್ಬರಿಗೇ ಇದ್ದಿದ್ದರೆ ಅದು ವರವಾಗುತ್ತಿತ್ತು. ಎಲ್ಲರಿಗೂ ಇರುವುದರಿಂದ ಅರ್ಜಿ ಹಾಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿದೆ. ಅದಕ್ಕೆ ಪರಿಹಾರವಾಗಿ, ನೀವು ಮಲಗಿರುವಾಗಲೂ ನಿಮ್ಮ ಪರವಾಗಿ ನೂರಾರು ಕಡೆ ಅರ್ಜಿ ಹಾಕುವ ಸಾಧನ ಸಿದ್ಧವಾಗಿದೆ. ಮೊದಲ ಹತ್ತು ಅರ್ಜಿಗಳು ಉಚಿತ.

ಪುಕ್ಕಟೆ ಎಂಬುದರ ನಿಜಸ್ವರೂಪ ಬಯಲಾಗುವುದು ಡೌನ್‌ಲೋಡ್ ಗುಂಡಿಯ ಬಳಿ. ಒಂದು ಸಂಜೆಯಿಡೀ ಕೂತು ಜೀವನವೃತ್ತಾಂತವನ್ನೆಲ್ಲ ತುಂಬಿ, ಬಣ್ಣ ಆರಿಸಿ, ಅಕ್ಷರದ ಗಾತ್ರ ಸರಿಮಾಡಿ ಗುಂಡಿ ಒತ್ತಿದಾಗ ಮಾತ್ರ, ತಯಾರಿಸುವುದು ಉಚಿತ, ಇಳಿಸಿಕೊಳ್ಳುವುದು ಉಚಿತವಲ್ಲ ಎಂಬ ಸೂಕ್ಷ್ಮ ತಿಳಿಯುತ್ತದೆ. ಸಂಬಳ ನಿಂತವರ ಬಳಿ ಕ್ರೆಡಿಟ್ ಕಾರ್ಡಿನ ಸಂಖ್ಯೆ ಕೇಳುವ ಧೈರ್ಯವನ್ನು ಮೆಚ್ಚಬೇಕು. ಇಳಿಸಿಕೊಳ್ಳಲು ಬಿಡುವವರು ಫೋನ್ ಸಂಖ್ಯೆ, ವಿಳಾಸ, ಹಿಂದಿನ ಸಂಬಳ ಎಲ್ಲವನ್ನೂ ಮೊದಲೇ ಕೈವಶ ಮಾಡಿಕೊಂಡಿರುತ್ತಾರೆ. 2016ರಲ್ಲಿ ಮೈಕ್ರೋಸಾಫ್ಟ್ ಲಿಂಕ್ಡ್‌ಇನ್‌ಗೆ 2,620 ಕೋಟಿ ಡಾಲರ್ ಕೊಟ್ಟಿದ್ದು ಅದರ ಮೇಜು ಕುರ್ಚಿಗಳಿಗಾಗಿ ಅಲ್ಲ. ನಾವು ನೀವು ಪುಕ್ಕಟೆಯಾಗಿ ಬರೆದುಕೊಟ್ಟ ನಮ್ಮದೇ ಚರಿತ್ರೆಗಾಗಿ.

ನ್ಯಾಯವಾಗಿ ಹೇಳಬೇಕೆಂದರೆ ಉಪಯೋಗಕ್ಕೆ ಬರುವವೂ ಇವೆ. ಕಾಗುಣಿತದ ತಪ್ಪು ಹಿಡಿಯುವ ಸಾಧನ, ಬೇಕಾದ ಸಂಸ್ಥೆಯ ಸುದ್ದಿ ಬಂದೊಡನೆ ತಿಳಿಸುವ ಗೂಗಲ್ ಅಲರ್ಟ್ಸ್, ಒಂದೇ ಅಂಕಣದ ಸಾದಾ ಡಾಕ್ಯುಮೆಂಟು, ಯಾವ ದಿನ ಎಲ್ಲಿಗೆ ಅರ್ಜಿ ಹಾಕಿದ್ದೆವೆಂದು ಬರೆದಿಡಲು ಒಂದು ಶೀಟು. ಇವು ಅಂಕ ಹಾಕುವುದಿಲ್ಲ, ಬೀಗ ತೋರಿಸುವುದಿಲ್ಲ, ಆದ್ದರಿಂದ ಪಟ್ಟಿಯ ತುದಿಯಲ್ಲೆಲ್ಲೋ ಬಿದ್ದಿರುತ್ತವೆ.

ವಿಡಂಬನೆ ಸಾಕು. ಅರ್ಜಿ ಹಾಕುವವರಿಗೆ ಸಾಧನಗಳ ಕೊರತೆ ಯಾವತ್ತೂ ಇರಲಿಲ್ಲ. ಖಾಲಿಯೇ ಇಲ್ಲದ ಹುದ್ದೆಗೆ ಜಾಹೀರಾತು ಕೊಟ್ಟು, ತಿಂಗಳುಗಟ್ಟಲೆ ಅದನ್ನು ತೆಗೆಯದೆ, ಬಂದ ಸಾವಿರಾರು ಅರ್ಜಿಗಳನ್ನು ತಮ್ಮ ಸಂಗ್ರಹಕ್ಕೆ ಹಾಕಿಕೊಳ್ಳುವವರನ್ನು ಯಾವ ಕೀವರ್ಡೂ ಬದಲಿಸಲಾರದು. ಮೂರು ಸುತ್ತು ಸಂದರ್ಶನ ಮಾಡಿ, ‘ಬೇಗ ತಿಳಿಸುತ್ತೇವೆ’ ಎಂದು ನಗುನಗುತ್ತಾ ಬೀಳ್ಕೊಟ್ಟು, ಆಮೇಲೆ ಒಂದು ಸಾಲೂ ಬರೆಯದವರ ನಡವಳಿಕೆ ನಮ್ಮ ಕ್ರಿಯಾಪದಗಳ ದೌರ್ಬಲ್ಯದಿಂದ ಹುಟ್ಟಿದ್ದಲ್ಲ. ಬಂದರೂ ಬರುವುದು ‘ದಯವಿಟ್ಟು ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂಬ ಅಡಿಟಿಪ್ಪಣಿಯಿರುವ, ಹೆಸರಿನ ಜಾಗದಲ್ಲಿ ‘ಪ್ರಿಯ ಅಭ್ಯರ್ಥಿ’ ಎಂದಿರುವ ಪತ್ರ. ಅದನ್ನು ಓದಿದ ಮನುಷ್ಯ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಮತ್ತೆ ರಾತ್ರಿ ಹೊತ್ತು ಅಲ್ಪವಿರಾಮಗಳನ್ನು ತಿದ್ದುತ್ತಾ ಕೂರುತ್ತಾನೆ. ಹಾಗೆ ಕೂರಿಸುವುದರಿಂದಲೇ ಒಂದು ಉದ್ಯಮ ಬದುಕುತ್ತಿದೆ ಎಂಬುದು ಹೊಟ್ಟೆ ಉರಿಸುವ ಸಂಗತಿ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಒಂದು ನಿಯಮ ಜಾರಿಗೆ ಬಂದಿದೆ. ಇಪ್ಪತ್ತೈದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಜಾಹೀರಾತು ಕೊಟ್ಟರೆ ಆ ಹುದ್ದೆ ನಿಜವಾಗಿ ಖಾಲಿ ಇದೆಯೇ ಎಂದು ಹೇಳಬೇಕು, ಅರ್ಜಿಗಳನ್ನು ಸೋಸಲು ಕೃತಕ ಬುದ್ಧಿಮತ್ತೆ ಬಳಸುತ್ತಿದ್ದರೆ ಅದನ್ನೂ ಹೇಳಬೇಕು, ಸಂದರ್ಶನಕ್ಕೆ ಹಾಜರಾದವರಿಗೆ ಅದಾದ 45 ದಿನಗಳೊಳಗೆ ನೇಮಕದ ನಿರ್ಧಾರವಾಗಿದೆಯೇ ಎಂದು ತಿಳಿಸಬೇಕು. ಏನಾಯಿತು ಎಂಬ ಒಂದು ಮಾತನ್ನು ಹೇಳಿಸಲು ಸರ್ಕಾರವೊಂದು ಶಾಸನ ಮಾಡಬೇಕಾಯಿತು. ಅದೂ ಸಂದರ್ಶನದವರೆಗೆ ತಲುಪಿದವರಿಗೆ ಮಾತ್ರ. ಅರ್ಜಿ ಹಾಕಿ ಕಾಯುತ್ತಿರುವ ಉಳಿದವರ ಪ್ರಸ್ತಾಪ ಅದರಲ್ಲಿಲ್ಲ, ಅರ್ಜಿದಾರರಲ್ಲಿ ಬಹುಪಾಲು ಜನ ಅವರೇ.