ತಟ್ಟೆ ತೊಳೆಯೋಕೆ ಬಿಡದ ಪ್ರೀತಿ

"ಓದೋಕೆ ಕಳಿಸಿದ್ದು ಕಣೋ, ಮನೆಗೆಲಸಕ್ಕಲ್ಲ."

ಅಕ್ಕ ಫೋನಿನಲ್ಲಿ ಹೀಗಂದಾಗ ನನಗೆ ಚುರುಕ್ ಅಂತು. ಅವಳ ಮಗಳು ಚಿಕ್ಕಮಗಳೂರಿನಿಂದ ಒಂದು ವರ್ಷದ ವಿದ್ಯಾರ್ಥಿ ವಿನಿಮಯಕ್ಕೆ ಅಂತ ಜರ್ಮನಿಗೆ ಬಂದಿದ್ದಳು. ನಾನಿರುವ ಹ್ಯಾನೋವರ್‌ನಿಂದ ರೈಲಿನಲ್ಲಿ ಹೋಗಿಬರುವಷ್ಟು ದೂರದ ಸಣ್ಣ ಊರು. ಅವಳನ್ನು ಇಟ್ಟುಕೊಂಡ ಮನೆಯವರು ಮೊದಲ ವಾರವೇ ಅಡುಗೆಮನೆಯ ಪಟ್ಟಿಯಲ್ಲಿ ಅವಳ ಹೆಸರನ್ನೂ ಸೇರಿಸಿದರು. ಯಾರು ಯಾವತ್ತು ಟೇಬಲ್ ಮೇಲೆ ತಟ್ಟೆ ಜೋಡಿಸಬೇಕು, ಯಾರು ಡಿಶ್‌ವಾಷರ್ ಖಾಲಿ ಮಾಡಬೇಕು, ಯಾರು ಕಸದ ಡಬ್ಬ ರಸ್ತೆಗೆ ಇಡಬೇಕು ಅನ್ನುವ ಪಟ್ಟಿ ಅದು. ಮಂಗಳವಾರ ನಮ್ಮ ಹುಡುಗಿಯದು. ಅವಳು ಖುಷಿಯಾಗಿ ಅದರ ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು. ಅಮ್ಮ ಅತ್ತುಬಿಟ್ಟಳು.

ಅದೇ ಹೊತ್ತಿಗೆ ಅಕ್ಕನ ಮನೆಯಲ್ಲಿ ಜರ್ಮನಿಯ ಒಬ್ಬ ಹುಡುಗ ಇದ್ದ. ಹೀಗಾಗಿ ಅವಳಿಗೆ ಹೋಲಿಸೋದು ಸುಲಭವಾಯಿತು. "ನಾವು ಅವರ ಹುಡುಗನನ್ನ ಹೇಗೆ ನೋಡ್ಕೊಳ್ತಿದೀವಿ, ಅವರು ನಮ್ಮ ಮಗೂನ ಹೇಗೆ ನೋಡ್ಕೊಳ್ತಿದಾರೆ ನೋಡು" ಅಂದಳು. ನೋಡಿದೆ. ನೋಡಿದಷ್ಟೂ ಅವರ ರೀತಿಯೇ ಸರಿ ಅನಿಸಿತು.

ಆ ಹುಡುಗನ ಕಥೆ ಕೇಳಿ. ಬಂದ ದಿನ ಊಟ ಮುಗಿಸಿ ತನ್ನ ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೊರಟ. "ಅಯ್ಯೋ, ಬಿಡಪ್ಪಾ" ಅಂತ ಅಕ್ಕ ಕಿತ್ತುಕೊಂಡಳು. ಮಾರನೇ ದಿನವೂ ಅದೇ. ಆಮೇಲೆ ಅವನು ಏಳೋದನ್ನೇ ಬಿಟ್ಟ. ಅಕ್ಕಿರೊಟ್ಟಿ ಹೇಗೆ ತಟ್ಟುತ್ತಾರೆ ಅಂತ ಒಲೆ ಹತ್ತಿರ ಬಂದು ನಿಂತರೆ ಕುರ್ಚಿ ಹಾಕಿ ಕೂರಿಸಿ, ಬಿಸಿ ರೊಟ್ಟಿ ಮೇಲೆ ಬೆಣ್ಣೆ ಹಾಕಿ ಕೈಗೆ ಕೊಟ್ಟರು. ಡಿಸೆಂಬರಿನಲ್ಲಿ ಆಲ್ದೂರು ಕಡೆಯ ತೋಟದಲ್ಲಿ ಅರೇಬಿಕಾ ಕಾಫಿ ಕುಯ್ಲು ನಡೆದಿತ್ತು. ಅವನೂ ಬುಟ್ಟಿ ಕಟ್ಟಿಕೊಂಡು ಹೆಣ್ಣಾಳುಗಳ ಜೊತೆ ಹಣ್ಣು ಕುಯ್ಯೋಕೆ ನಿಂತ. ಕೆಂಪಗಾದದ್ದು ಮಾತ್ರ ಬಿಡಿಸಬೇಕು, ಹಸಿರು ಕಾಯಿ ಬಿಡಬೇಕು ಅಂತ ಅವರೇ ಹೇಳಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಭಾವ ಬಂದು ಜೀಪು ಹತ್ತಿಸಿಕೊಂಡು ಮನೆಗೆ ಕರೆದುಕೊಂಡು ಹೋದರು. "ಪಾಪದ ಹುಡುಗನ ಕೈಲಿ ಕೆಲಸ ಮಾಡಿಸ್ತಾರೆ ಅಂತ ಜನ ಆಡ್ಕೊಳ್ಳಲ್ವಾ?"

ನಮ್ಮ ಕಡೆ ಇದೇ ದೊಡ್ಡ ಭಯ. ಬಂದವರಿಗೆ ಏನು ಬೇಕು ಅನ್ನೋದಕ್ಕಿಂತ ನೋಡಿದವರು ಏನಂದಾರು ಅನ್ನೋದೇ ಜಾಸ್ತಿ.

ಆ ಹುಡುಗ ವಾಪಸ್ ಬಂದ ಮೇಲೆ ನನಗೆ ಸಿಕ್ಕಿದ್ದ. ಏನೇನು ತಿಂದೆ ಅಂದರೆ ಕಡುಬು, ಕಳಲೆ, ಪತ್ರೊಡೆ ಅಂತ ಹೆಸರು ಹಿಡಿದು ಹೇಳಿದ. ಏನು ಮಾಡೋಕೆ ಕಲಿತೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿದ. "ಏನೂ ಮಾಡೋಕೆ ಬಿಡಲಿಲ್ಲ" ಅಂದ. ದೂರು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ತಿಂಗಳುಗಟ್ಟಲೆ ಒಂದು ಮನೆಯಲ್ಲಿದ್ದು ಕೊನೆಯ ದಿನದವರೆಗೂ ನೆಂಟನಾಗಿಯೇ ಉಳಿದ. ನನಗೆ ಇದು ಸಂಕಟದ ವಿಷಯ.

ಮಕ್ಕಳನ್ನು ಹಾಸ್ಟೆಲಿನಲ್ಲಿ ಇಡದೆ ಮನೆಯಲ್ಲಿ ಇಡೋದು ಯಾಕೆ ಅಂತ ಯೋಚಿಸಬೇಕು. ಇಂಥ ವಿನಿಮಯ ನಡೆಸುವ ಎ.ಎಫ್.ಎಸ್. ಅನ್ನುವ ಸಂಸ್ಥೆ ಶುರುವಾದದ್ದು ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಆಂಬುಲೆನ್ಸ್ ಚಾಲಕರಿಂದ. ಎರಡನೇ ಯುದ್ಧವೂ ಮುಗಿದ ಮೇಲೆ, 1947ರಲ್ಲಿ, ಅವರು ಹೈಸ್ಕೂಲ್ ಮಕ್ಕಳ ವಿನಿಮಯಕ್ಕೆ ಕೈಹಾಕಿದರು. ಎರಡು ಯುದ್ಧ ಕಂಡವರು ಅವರು. ಮಕ್ಕಳು ಇನ್ನೊಂದು ದೇಶದವರ ಮನೆಯಲ್ಲಿ ಇದ್ದು ಬರಲಿ ಅಂದರು. ರೋಟರಿಯ ವಿನಿಮಯದಲ್ಲೂ 15ರಿಂದ 19 ವರ್ಷದ ಮಕ್ಕಳು ಮನೆಗಳಲ್ಲೇ ಇರುತ್ತಾರೆ, ವರ್ಷವಿಡೀ ಇರುವವರು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆ ಕಾಣುತ್ತಾರೆ. ಇಟ್ಟುಕೊಂಡವರಿಗೆ ಬಾಡಿಗೆ ಇಲ್ಲ, ಸಂಬಳ ಇಲ್ಲ. ಹೋಂಸ್ಟೇ ಅಲ್ಲ ಇದು. ನಮ್ಮ ಜಿಲ್ಲೆಯಲ್ಲಿ ಈಗ ತಿರುವಿಗೊಂದು ಹೋಂಸ್ಟೇ ಬೋರ್ಡು ಇರೋದರಿಂದಲೋ ಏನೋ, ಮನೆಗೆ ಬಂದವರಿಗೆಲ್ಲ ಒಂದೇ ತರದ ಉಪಚಾರ ಮಾಡುತ್ತೇವೆ. ದುಡ್ಡು ಕೊಟ್ಟು ಎರಡು ದಿನ ಇದ್ದು ಹೋಗುವವರಿಗೆ ಅದು ಸರಿ. ವರ್ಷವಿಡೀ ಇರೋಕೆ ಬಂದ ಮಗುವಿಗೆ ಸರಿಯಲ್ಲ.

ಇಲ್ಲಿ ನಮ್ಮ ಹುಡುಗಿಗೆ ಮೊದಲ ದಿನವೇ ಬಾಗಿಲ ಬೀಗದ ಕೈ ಕೊಟ್ಟರು. ಹಳೆಯದೊಂದು ಸೈಕಲ್ ಕೊಟ್ಟರು. ಸಂಜೆ ಊಟ ಅಂದರೆ ಬ್ರೆಡ್ಡು, ಚೀಸು, ಸೌತೆಕಾಯಿ, ಅಷ್ಟೇ. ಬಿಸಿಯದು ಏನೂ ಇಲ್ಲ. ಇನ್ನೊಂದು ಹಾಕಿಕೋ ಅಂತ ಯಾರೂ ಒತ್ತಾಯ ಮಾಡಲ್ಲ. ಮೊದಮೊದಲು ಹಸಿದುಕೊಂಡೇ ಮಲಗಿದಳಂತೆ. ಆದರೆ ಮಂಗಳವಾರಗಳಲ್ಲಿ ಆ ಮನೆಯಾಕೆಯ ಜೊತೆ ಪಾತ್ರೆ ಜೋಡಿಸುತ್ತಾ ಜೋಡಿಸುತ್ತಾ ಮಾತು ಕಲಿತಳು. ಶಾಲೆಯಲ್ಲಿ ಬಾಯಿ ಬಿಡೋಕೆ ನಾಚುತ್ತಿದ್ದವಳು ಅಡುಗೆಮನೆಯಲ್ಲಿ ತಪ್ಪು ತಪ್ಪು ಜರ್ಮನ್ ಧೈರ್ಯವಾಗಿ ಆಡಿದಳು. ಕಾಗದದ ಕಸ ಯಾವ ಡಬ್ಬಕ್ಕೆ, ತರಕಾರಿ ಸಿಪ್ಪೆ ಯಾವುದಕ್ಕೆ ಅಂತ ಈಗ ನನಗೇ ಹೇಳಿಕೊಡುತ್ತಾಳೆ. ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಅಂಗಡಿಯ ಮಷೀನಿಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ. ಆ ಚಿಲ್ಲರೆಯನ್ನು ಮನೆಯ ಮಕ್ಕಳು ಹಂಚಿಕೊಳ್ಳುತ್ತಿದ್ದರು. ಇವಳಿಗೂ ಪಾಲು ಬಂತು. ಬರೀ ನೆಂಟಳಾಗಿದ್ದರೆ ಯಾರು ಕೊಡುತ್ತಿದ್ದರು ಹೇಳಿ?

ಇನ್ನು ಒಪ್ಪಿಕೊಳ್ಳಬೇಕಾದದ್ದನ್ನೂ ಹೇಳಬೇಕು. ನವೆಂಬರಿನ ಚಳಿಯಲ್ಲಿ ಹುಡುಗಿಗೆ ಜ್ವರ ಬಂತು. ಮನೆಯಾಕೆ ಮಂಚದ ಪಕ್ಕ ಟೀ, ನೀರು, ರಸ್ಕ್ ಇಟ್ಟು, ಚೆನ್ನಾಗಿ ನಿದ್ದೆ ಬರಲಿ ಅಂತ ಬಾಗಿಲು ಮುಚ್ಚಿಕೊಂಡು ಹೋದರು. ಅವರ ಮಟ್ಟಿಗೆ ಅದು ಕಾಳಜಿಯೇ. ಆದರೆ ಇವಳು ನನಗೆ ಫೋನ್ ಮಾಡಿ, "ಮಾಮಾ, ಯಾರೂ ಒಳಗೇ ಬರ್ತಿಲ್ಲ" ಅಂತ ಅತ್ತಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಹುಡುಗನಿಗೆ ಅಲ್ಲಿ ಹೊಟ್ಟೆ ಕೆಟ್ಟಾಗ ಅಕ್ಕ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದಳು. ಗಂಜಿ ಕುಡಿಸಿದಳು, ದೃಷ್ಟಿ ತೆಗೆದಳು. ಪಕ್ಕದ ಮನೆಯವರೂ ಬಂದು ವಿಚಾರಿಸಿಕೊಂಡು ಹೋದರು. ಇದನ್ನೆಲ್ಲ ಅವನೇ ನನಗೆ ಹೇಳಿದ್ದು. ಏನೂ ಮಾಡೋಕೆ ಬಿಡಲಿಲ್ಲ ಅಂದ ಅದೇ ಹುಡುಗ ಆ ರಾತ್ರಿಯ ಬಗ್ಗೆ ಮಾತ್ರ ಬಹಳ ಹೊತ್ತು ಮಾತಾಡಿದ. ತನ್ನ ಮನೆಯಲ್ಲೂ ಹಾಗೆ ಯಾರೂ ಕೂತಿಲ್ಲವಂತೆ.

ಆ ಹುಡುಗನನ್ನು ಒಬ್ಬನೇ ತೋಟಕ್ಕೆ ಹೋಗೋಕೆ ಬಿಡಲಿಲ್ಲ ಅಂತ ನಾನು ಅಕ್ಕನನ್ನು ಬೈದದ್ದೂ ಪೂರ್ತಿ ನ್ಯಾಯವಲ್ಲ. ಇಲ್ಲಿ ಮಕ್ಕಳು ಕತ್ತಲಾದ ಮೇಲೂ ಸೈಕಲ್ ತುಳಿದುಕೊಂಡು ಬರುತ್ತಾರೆ. ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟದೊಳಗೇ ಆನೆ ಇರುತ್ತದೆ.

ಈ ವರ್ಷ ಮತ್ತೆ ಯಾರೋ ಬರುತ್ತಾರಂತೆ, ಹುಡುಗಿ. ಅವಳಿಗೆ ಒಂದು ಬೀಗದ ಕೈ ಮಾಡಿಸಿ ಕೊಡು ಅಂತ ಅಕ್ಕನಿಗೆ ಹೇಳಿದೆ. "ನಮ್ಮನೆಗೆ ಬೀಗ ಹಾಕೋದು ಯಾವಾಗಲೋ? ಯಾರಾದ್ರೂ ಇದ್ದೇ ಇರ್ತಾರಲ್ಲ" ಅಂದಳು. ಅದೂ ನಿಜವೇ. ಹಾಗಾದರೆ ಬೀಗದ ಕೈ ಬೇಡ, ರೊಟ್ಟಿ ತಟ್ಟೋಕೆ ಬಿಡು, ತಿಂದ ತಟ್ಟೆ ಅವಳೇ ತೊಳೆಯಲಿ, ಮಾರ್ಕೆಟ್ಟಿಗೆ ಹೋಗಿ ಕೊತ್ತಂಬರಿ ಸೊಪ್ಪು ಚೌಕಾಸಿ ಮಾಡಿ ತರಲಿ ಅಂದೆ. ರೊಟ್ಟಿಗೂ ಮಾರ್ಕೆಟ್ಟಿಗೂ ಒಪ್ಪಿದಳು. ತಟ್ಟೆಗೆ ಇನ್ನೂ ಒಪ್ಪಿಲ್ಲ. ನಾನೂ ಬಿಡೋದಿಲ್ಲ, ಮುಂದಿನ ಭಾನುವಾರ ಮತ್ತೆ ಫೋನ್ ಮಾಡುತ್ತೇನೆ.