ಪರ-ವಿರೋಧ: ಔಷಧಿ ಹೊಡೆಯುವವರಿಗೆಲ್ಲ ಕೋಲಿನೆಸ್ಟರೇಸ್ ಪರೀಕ್ಷೆ ಬೇಕೆ?

ಪರ

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಔಷಧಿ ಮೈ ಸೇರಿದರೆ ಕಟ್ಟಿಹಾಕುವುದು ನರಗಳ ಕೋಲಿನೆಸ್ಟರೇಸ್ ಕಿಣ್ವವನ್ನು. ಅದೇ ಕಿಣ್ವ ಕೆಂಪು ರಕ್ತಕಣಗಳಲ್ಲೂ ಇದೆ, ಹಾಗಾಗಿ ರಕ್ತ ತೆಗೆದು ಅಳೆಯಬಹುದು. ದಿನದಿನವೂ ಸ್ವಲ್ಪಸ್ವಲ್ಪ ವಿಷ ತಗಲುವವರಲ್ಲಿ ಜೊಲ್ಲು, ಬೆವರು, ಕಣ್ಣು ಮಂಜಾಗುವುದು ಶುರುವಾಗುವ ಮೊದಲೇ ಅದರ ಮಟ್ಟ ಇಳಿದಿರುತ್ತದೆ.

ಎಲ್ಲರಿಗೂ ಸಮನಾಗಿ ತಗಲುವುದಿಲ್ಲ. ಬಾಟಲಿ ಬಿಚ್ಚಿ ಬಕೆಟ್ಟಿಗೆ ಸುರಿಯುವವನ ಬೆರಳಿಗೆ ಹತ್ತುವುದು ನೀರು ಬೆರೆಸದ ಔಷಧಿ. ಪಂಪು ಹೊತ್ತವನಿಗೆ ಸೋರಿದ ದ್ರಾವಣ ಬೆನ್ನಿಗಿಳಿದು ಅಂಗಿಯಲ್ಲೇ ಇಂಗಿರುತ್ತದೆ. ಮರುದಿನ ಕಾಯಿ ಬಿಡಿಸಲು ಬರುವ ಹೆಂಗಸರಿಗೆ ಎಲೆಯ ಮೇಲಿನ ಅಂಶ. ಯಾರ ಕೆಲಸ ಎಷ್ಟು ಅಪಾಯ ಎಂಬುದು ರಕ್ತ ನೋಡಿದರೆ ಗೊತ್ತಾಗುತ್ತದೆ.

ಹಂಗಾಮಿಗೆ ಮುಂಚೆ, ಕನಿಷ್ಠ 30 ದಿನ ಔಷಧಿ ಮುಟ್ಟದಿದ್ದಾಗ, ಒಬ್ಬೊಬ್ಬರ ಮೂಲಮಟ್ಟ ಬರೆದಿಡಬೇಕು. ಆರೋಗ್ಯವಂತರಲ್ಲೇ ಇದು ಬಹಳ ಹೆಚ್ಚುಕಮ್ಮಿ ಇರುವುದರಿಂದ ಲ್ಯಾಬಿನ ‘ನಾರ್ಮಲ್’ ಅಂಕಿ ನಂಬಿ ಕೂರುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1974ರಿಂದ ಇಂಥ ನಿಗಾ ಇದೆ: ಮೂಲಮಟ್ಟದ ಶೇ 80ಕ್ಕಿಂತ ಇಳಿದರೆ ಕೆಲಸದ ರೀತಿಯ ತಪಾಸಣೆ, ಕೆಂಪುಕಣದ್ದು ಶೇ 70ಕ್ಕೆ ಅಥವಾ ಪ್ಲಾಸ್ಮಾದ್ದು (ರಕ್ತದ ದ್ರವಭಾಗದ್ದು) ಶೇ 60ಕ್ಕೆ ಇಳಿದರೆ ಔಷಧಿಯ ಕೆಲಸದಿಂದಲೇ ಬಿಡುಗಡೆ, ಮತ್ತೆ ಶೇ 80 ಮುಟ್ಟುವವರೆಗೆ ವಾಪಸಿಲ್ಲ. ನಮ್ಮ 1971ರ ಕೀಟನಾಶಕ ನಿಯಮಗಳಲ್ಲೂ ಈ ಪರೀಕ್ಷೆಯ ಮಾತಿದೆ. ದಿನಗೂಲಿಗೆ ಪಂಪು ಹೊರುವವನಿಗೂ ಅದು ದಕ್ಕಬೇಕು.

ಎಲ್ಲ ವಿಷವನ್ನೂ ಇದು ಹಿಡಿಯುವುದಿಲ್ಲ ಎನ್ನುತ್ತಾರೆ. ಎಲ್ಲ ಕಾಯಿಲೆ ತೋರಿಸುವುದಿಲ್ಲವೆಂದು ಥರ್ಮಾಮೀಟರ್ ಎಸೆಯುತ್ತೇವೆಯೇ?

ವಿರೋಧ

ಕೀಟನಾಶಕ ತಯಾರಿಸುವ ಕಾರ್ಖಾನೆಯೊಳಗೆ ಈ ಪರೀಕ್ಷೆ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಲದಲ್ಲಿ ಎಲ್ಲರಿಗೂ ಎಂಬುದಕ್ಕಷ್ಟೇ ತಕರಾರು.

ಪೈರೆಥ್ರಾಯ್ಡ್, ಇಮಿಡಾಕ್ಲೋಪ್ರಿಡ್, ಪ್ಯಾರಾಕ್ವಾಟ್ ಈ ಕಿಣ್ವವನ್ನು ಕಟ್ಟಿಹಾಕುವ ಜಾತಿಯವಲ್ಲ. ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ ಸುರಿದ ಎಂಡೋಸಲ್ಫಾನ್ ಕೂಡ ಅಲ್ಲ. ಇಂಥವನ್ನು ಹೊಡೆಯುವವನಿಗೆ ‘ಸರಿ ಇದೆ’ ಎಂಬ ರಿಪೋರ್ಟ್ ಕೊಟ್ಟರೆ ಇರುವ ಎಚ್ಚರಿಕೆಯನ್ನೂ ಕಳೆದಂತೆ.

ಮೆಥೊಮಿಲ್‌ನಂಥ ಕಾರ್ಬಮೇಟ್ ಔಷಧಿಯೂ ಇದೇ ಕಿಣ್ವವನ್ನು ಕಟ್ಟಿಹಾಕುತ್ತದೆ, ಆದರೆ ಕಿಣ್ವ ಕೆಲವೇ ಗಂಟೆಗಳಲ್ಲಿ ತಾನಾಗಿ ಚೇತರಿಸಿಕೊಳ್ಳುತ್ತದೆ, ರಕ್ತದ ಟ್ಯೂಬಿನೊಳಗೂ. ತಕ್ಷಣ ಐಸಿನಲ್ಲಿಟ್ಟು ಬೇಗ ಪರೀಕ್ಷಿಸದಿದ್ದರೆ ಸುಳ್ಳು ಸಮಾಧಾನ. ಬೆರಳು ಚುಚ್ಚುವ ಕಿಟ್ಟಿನಲ್ಲಿ ಚರ್ಮದ ಮೇಲಿನ ಔಷಧಿಯೇ ಹನಿಗೆ ಬೆರೆತು ಅಂಕಿ ಕೆಡುತ್ತದೆ. ಯಕೃತ್ತಿನ ಕಾಯಿಲೆ, ಅಪೌಷ್ಟಿಕತೆ, ಬಸಿರು ಇದ್ದರೆ ವಿಷ ತಗಲದೆಯೂ ಪ್ಲಾಸ್ಮಾದ ಮಟ್ಟ ಇಳಿಯುತ್ತದೆ. ಇನ್ನು, ವರ್ಷಪೂರ್ತಿ ತರಕಾರಿಗೆ ಹೊಡೆಯುವವನಿಗೆ ಔಷಧಿ ಮುಟ್ಟದ ಆ 30 ದಿನ ಎಲ್ಲಿಂದ ತರುವುದು?

ಸೋರದ ಪಂಪು, ನೈಟ್ರೈಲ್ ಕೈಗವಸು, ಕೈ ತೊಳೆಯಲು ಸೋಪು-ನೀರು ಮೊದಲು ಹೊಲಕ್ಕೆ ಬರಲಿ.