ಹತ್ತು ಚದರದ ಮನೆ, ಹನ್ನೆರಡು ಚದರದ ಕೂಲಿ

ಒಂದು ಚದರವೆಂದರೆ 100 ಚದರಡಿ. ಮೈಸೂರಿನಲ್ಲಿ ಮನೆ ಕಟ್ಟುವವರಿಗೂ ಕಟ್ಟಿಸುವವರಿಗೂ ಇದರಲ್ಲಿ ತಕರಾರಿಲ್ಲ. ತಕರಾರೆಲ್ಲ ಟೇಪಿನದು. ಮಾಲೀಕನ ಟೇಪು ಒಳಗೋಡೆಯಿಂದ ಒಳಗೋಡೆಗೆ ಓಡಿ ನಿಲ್ಲುತ್ತದೆ. ಮೇಸ್ತ್ರಿಯ ಟೇಪು ಹೊರಗೋಡೆಯಿಂದ ಹೊರಟು ಬಾಲ್ಕನಿ, ಪೋರ್ಟಿಕೊ, ಸಜ್ಜಾಗಳನ್ನೆಲ್ಲ ಮಾತನಾಡಿಸಿಕೊಂಡು ಬರುತ್ತದೆ. ಪಾಯ ತೋಡಿದಾಗ ಹತ್ತು ಚದರವಿದ್ದ ಮನೆ ಬಿಲ್ಲಿನ ಹೊತ್ತಿಗೆ ಹನ್ನೆರಡಾಗಿ ಬೆಳೆದಿರುತ್ತದೆ. ಸಂಪು, ಕಾಂಪೌಂಡು? "ಅದು ಬೇರೆ, ಸಾರ್."

ಗಿಲಾವಿನ ಲೆಕ್ಕಕ್ಕೆ ಬಂದರೆ ಕಿಟಕಿಯೂ ಗೋಡೆಯೇ. "ಇಲ್ಲದ ಗೋಡೆಗೆ ಕೂಲಿ ಕೊಡಬೇಕೇ?" ಎಂದು ಮಾಲೀಕ ಕೆರಳುತ್ತಾನೆ. ಪಾಪ, ಅವನಿಗೆ ಸರ್ಕಾರದ ಬೆಂಬಲವೂ ಇಲ್ಲ. ಅರ್ಧ ಚದರ ಮೀಟರಿನೊಳಗಿನ ಕಿಂಡಿಗಳನ್ನು ಕಳೆಯಬೇಕಾಗಿಲ್ಲ ಎಂದು ಕಟ್ಟಡ ಕೆಲಸದ ಅಳತೆಯ ನಿಯಮಗಳಿರುವ ಭಾರತೀಯ ಮಾನಕ (ಐಎಸ್) 1200 ಹೇಳುತ್ತದೆ. ಅಂಚು ತಿದ್ದುವುದೂ ಕೆಲಸವೇ ತಾನೇ. ಮೇಸ್ತ್ರಿ ಮಾನಕ ಓದಿದವನಲ್ಲ. ಅವನು ಅದೇ ಔದಾರ್ಯವನ್ನು ಅಂಗಡಿಯ ರೋಲಿಂಗ್ ಷಟರಿಗೂ ವಿಸ್ತರಿಸುತ್ತಾನೆ.

ಸಣ್ಣ ಕೆಲಸಗಳಿಗೆ ಟೇಪೂ ಬೇಡ. ಕುವೆಂಪುನಗರದ ಮನೆಗೆ ನಲ್ಲಿ ರಿಪೇರಿಗೆ ಬಂದವನು ಮೊದಲು ನೋಡುವುದು ನಲ್ಲಿಯನ್ನಲ್ಲ, ಪೋರ್ಟಿಕೊದಲ್ಲಿ ನಿಂತ ಕಾರನ್ನು. ಎಷ್ಟಾಗುತ್ತದೆ ಎಂದರೆ, "ನಿಮಗೆ ಹೇಳಬೇಕೇ? ನೋಡಿ ಕೊಡಿ." ನೀವು ಮುನ್ನೂರು ಕೊಡುತ್ತೀರಿ. ಅವನು ಅದನ್ನು ಜೇಬಿಗೆ ಹಾಕುವುದಿಲ್ಲ, ಬೇಡವೆನ್ನುವುದೂ ಇಲ್ಲ. ನೋಟುಗಳು ಬಿಚ್ಚಿದ ಅಂಗೈ ಮೇಲೆ ಹಾಗೆಯೇ ಇರುತ್ತವೆ, ಅವನು ಅವುಗಳನ್ನೇ ನೋಡುತ್ತಾನೆ. ಇನ್ನೊಂದು ನೂರು ಬಿದ್ದ ಮೇಲೆಯೇ ಬೆರಳುಗಳು ಮಡಚುವುದು.

ಇಷ್ಟಕ್ಕೂ ಈ ವಿದ್ಯೆ ಕಲಿಸಿದವರು ನಾವೇ. ಹೋಟೆಲಿನ ಬಿಲ್ಲಿಗೆ ಸೇವಾ ಶುಲ್ಕ ಸೇರಿಸಿದರೆ ತುಟಿ ಬಿಚ್ಚದವರು, ಸೋರುವ ನಲ್ಲಿಯನ್ನು ಹತ್ತು ನಿಮಿಷದಲ್ಲಿ ನಿಲ್ಲಿಸಿದವನಿಗೆ "ಹತ್ತು ನಿಮಿಷಕ್ಕೆ ಇಷ್ಟೊಂದೇ?" ಎಂದು ಹುಬ್ಬೇರಿಸುತ್ತೇವೆ. ಸಂಜೆವರೆಗೆ ತಿಣುಕಾಡಿದವನಿಗಾದರೆ ಕಾಫಿಯೂ ಸಿಗುತ್ತದೆ, ಕೇಳಿದಷ್ಟು ಹಣವೂ. ಅದಕ್ಕೇ ಜಾಣರು ವಾಷರ್ ತರಲು ಅಂಗಡಿಗೆ ಹೋದರೆ ಮಧ್ಯಾಹ್ನದ ಊಟ ಮುಗಿಸಿಯೇ ಬರುತ್ತಾರೆ. ವಾಷರ್ ಬೆಳಗಿನಿಂದಲೂ ಜೇಬಿನಲ್ಲಿಯೇ ಇರುತ್ತದೆ.

ಸರಸ್ವತಿಪುರದಲ್ಲಿ ಕುಳಿತು ಲಗ್ನಪತ್ರಿಕೆ ವಿನ್ಯಾಸ ಮಾಡುವ ಹುಡುಗರಿಗೂ ಈ ಮರ್ಮ ತಿಳಿದಿದೆ. ಸೋಮವಾರ ಮಧ್ಯಾಹ್ನವೇ ಮುಗಿದ ಪತ್ರಿಕೆಯನ್ನು ಗುರುವಾರ ರಾತ್ರಿ ಒಂದು ಗಂಟೆಗೆ ವಾಟ್ಸ್‌ಆ್ಯಪಿನಲ್ಲಿ ಕಳುಹಿಸುತ್ತಾರೆ. "ಪಾಪ, ನಿದ್ದೆಗೆಟ್ಟು ಮಾಡಿದ್ದಾನೆ" ಎಂದು ಹುಡುಗಿಯ ತಂದೆ ಚೌಕಾಸಿ ಮಾಡದೆ ದುಡ್ಡು ಹಾಕುತ್ತಾರೆ.